ನೆಲ ಮುಟ್ಟುವ ಕಡೆ ದುಡ್ಡು ಹಾಕಿ

ಆಗಸ್ಟ್ ಬಂತೆಂದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹೊಸಬರ ಪ್ರಶ್ನೆಗಳ ಸುರಿಮಳೆ. ಹಾಸಿಗೆ ಎಲ್ಲಿ ಸಿಗುತ್ತೆ, ಸೋನಾ ಮಸೂರಿ ಎಲ್ಲಿ ಅಗ್ಗ, ಯಾವ ಸಿಮ್ ತಗೋಬೇಕು. ಇವೆಲ್ಲ ಮುಗಿದು, ಅಕ್ಟೋಬರ್ ಕೊನೆಗೆ ಅರಿಜೋನಾದ ಬಿಸಿಲು ಒಂಚೂರು ಇಳಿದ ಮೇಲೆ, ಇನ್ನೊಂದು ಪ್ರಶ್ನೆ ಬರುತ್ತದೆ. "ಇಲ್ಲಿ ಗುಡ್ಡದಲ್ಲಿ ಎಲ್ಲರೂ ಸೈಕಲ್ ಹೊಡೀತಾರಲ್ಲ, ನಮಗೂ ಒಂದು ಮೌಂಟನ್ ಬೈಕ್ ಬೇಕು. ಕಡಿಮೆ ದುಡ್ಡಲ್ಲಿ ಪಾರ್ಟ್ಸ್ ತಂದು ನಾವೇ ಜೋಡಿಸಬಹುದಾ?"

ಬರುವ ಉತ್ತರಗಳು ಎರಡು ಥರ. ಒಬ್ಬರು, "ದೊಡ್ಡ ಅಂಗಡಿಯಲ್ಲಿ 200 ಡಾಲರ್‌ಗೆ ಹೊಸದೇ ಸಿಗುತ್ತೆ, ಸುಮ್ನೆ ತಗೊಳ್ಳಿ" ಅಂತಾರೆ. ಇನ್ನೊಬ್ಬರು ಕಾರ್ಬನ್ ಫ್ರೇಮು, 12 ಗೇರು, ಚಿನ್ನದ ಬಣ್ಣದ ಚೈನು ಅಂತ ಪಟ್ಟಿ ಕಳಿಸಿ, "ಕಂತಿನಲ್ಲಿ ಕಟ್ಟಿದರಾಯ್ತು" ಅಂತಾರೆ. ಈ ಎರಡೂ ಸಲಹೆ ವಿದ್ಯಾರ್ಥಿಗಳಿಗೆ ಒಳ್ಳೆಯದು ಮಾಡುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ನನ್ನ ವಾದ ಚಿಕ್ಕದು. ಒಂದು ಒಳ್ಳೆಯ ಹಳೆಯ ಅಲ್ಯೂಮಿನಿಯಂ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಸೈಕಲ್ಲನ್ನು, ಪೂರ್ತಿಯಾಗಿಯೇ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಿ. ಆಮೇಲೆ ಮೂರು ಕಡೆ ಮಾತ್ರ ದುಡ್ಡು ಹಾಕಿ: ಸೈಕಲ್ ನೆಲ ಮುಟ್ಟುವ ಕಡೆ, ಸೈಕಲ್ ನಿಲ್ಲಿಸುವ ಕಡೆ, ನಿಮ್ಮ ಮೈ ಸೈಕಲ್ ಮುಟ್ಟುವ ಕಡೆ. ಮಿಕ್ಕಿದ್ದೆಲ್ಲ ಹಳೆಯದಿರಲಿ, ಭಾರವಿರಲಿ, ಗೇರು ನಾಲ್ಕು ಕಡಿಮೆ ಇರಲಿ, ಏನೂ ಮುಳುಗಿಹೋಗಲ್ಲ.

ಬೆಲೆಯನ್ನು ಗಂಟೆಯಲ್ಲಿ ಎಣಿಸಿ

ಹೊಸದಾಗಿ ಬಂದವರು ಪ್ರತಿ ಬೆಲೆಯನ್ನೂ ರೂಪಾಯಿಗೆ ತಿರುಗಿಸಿ ಹೆದರುತ್ತಾರೆ. ಎರಡನೇ ವರ್ಷಕ್ಕೆ ಬಂದವರು ತಿರುಗಿಸೋದನ್ನೇ ಬಿಟ್ಟು ಧಾರಾಳವಾಗಿ ಕಾರ್ಡ್ ಉಜ್ಜುತ್ತಾರೆ. ಎರಡಕ್ಕಿಂತ ಒಳ್ಳೆಯ ಅಳತೆಯೊಂದಿದೆ, ಗಂಟೆ. ಎಫ್-1 ವೀಸಾದಲ್ಲಿರುವ ನಮಗೆ ತರಗತಿ ನಡೆಯುವ ಕಾಲದಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸಕ್ಕಷ್ಟೇ ಅನುಮತಿ. ಗಂಟೆಗೆ 15 ಡಾಲರ್ ಅಂತ ಇಟ್ಟುಕೊಂಡರೆ ವಾರಕ್ಕೆ 300, ಅದೂ ತೆರಿಗೆ ಹಿಡಿಯುವ ಮುಂಚೆ. ಹಾಗಾಗಿ 300 ಡಾಲರ್‌ನ ಗೇರ್ ಡಿರೇಲರ್ ಒಂದನ್ನು ಕೊಂಡರೆ ಡೈನಿಂಗ್ ಹಾಲ್‌ನಲ್ಲಿ ತಟ್ಟೆ ತೊಳೆದ ನಿಮ್ಮ ಒಂದು ಪೂರ್ತಿ ವಾರ ಹಿಂದಿನ ಚಕ್ರದ ಪಕ್ಕ ನೇತಾಡುತ್ತಿರುತ್ತದೆ. ಒಂದು ಕಲ್ಲಿಗೆ ಸರಿಯಾಗಿ ತಗುಲಿದರೆ ಆ ವಾರ ಅಲ್ಲಿಗೆ ಮುಗೀತು.

ನಮ್ಮಲ್ಲಿ ಬಹಳ ಜನ ಮನೆ ಅಡವಿಟ್ಟು ತೆಗೆದ ಶಿಕ್ಷಣ ಸಾಲದ ಮೇಲೆ ಬಂದವರು. ಊರಲ್ಲಿ ಅಪ್ಪ ಅಮ್ಮ ಬ್ಯಾಂಕಿನಲ್ಲಿ ಸಹಿ ಹಾಕಿದ್ದಾರೆ. ಹಾಗಂತ ಎರಡು ವರ್ಷ ಗುಡ್ಡ ನೋಡಿಕೊಂಡು ಕಿಟಕಿಯ ಹಿಂದೆ ಕೂರಬೇಕು ಅಂತ ನಾನು ಹೇಳಲ್ಲ. ಓದು, ಕೆಲಸ, ಒಂಟಿತನ ಮೂರೂ ಒಟ್ಟಿಗೆ ಕುತ್ತಿಗೆಗೆ ಬಂದಾಗ ಬೆಳಗಿನ ಜಾವ ಪಾಪಾಗೊ ಪಾರ್ಕಿನ ಕೆಂಪು ಬಂಡೆಗಳ ಸುತ್ತ ಒಂದು ಸುತ್ತು ಹಾಕಿ ಬರುವುದು ಎಷ್ಟು ದೊಡ್ಡ ಔಷಧಿ ಅಂತ ಹೋದವರಿಗೆ ಗೊತ್ತು. ಆ ಔಷಧಿಗಾಗಿ ಹೊಸ ಸಾಲ ಮಾಡಬಾರದು, ಮೈಮೂಳೆ ಮುರಿದುಕೊಳ್ಳಲೂಬಾರದು. ನನ್ನ ಕಾಳಜಿ ಅಷ್ಟೇ.

ಗುಜರಿಯಲ್ಲಿ ಹುಟ್ಟಿದ ಸೈಕಲ್

ಸೆಕೆಂಡ್ ಹ್ಯಾಂಡ್ ಅಂದ ತಕ್ಷಣ ಮುಖ ಸಿಂಡರಿಸುವವರಿಗೆ ಮೌಂಟನ್ ಬೈಕಿನ ಜಾತಕ ಹೇಳಬೇಕು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು 1930–40ರ ದಶಕದ ಹಳೆಯ ಷ್ವಿನ್ ಸೈಕಲ್‌ಗಳನ್ನು ಗುಜರಿ ಬೆಲೆಗೆ ತಂದು, ಬೇಡದ್ದನ್ನು ಕಿತ್ತುಹಾಕಿ, ದಪ್ಪ ಟಯರು ಹಾಕಿ ಟಮಲ್ಪಾಯಸ್ ಬೆಟ್ಟದಿಂದ ಇಳಿಸುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಇಳಿಜಾರೊಂದರಲ್ಲಿ ಪಂದ್ಯ ಶುರುವಾಯಿತು. ಅದರ ಹೆಸರು 'ರೀಪ್ಯಾಕ್'. ಸುಮಾರು 2 ಮೈಲಿಯಲ್ಲಿ 1,300 ಅಡಿ ಇಳಿಯುವ ಹೊತ್ತಿಗೆ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮುಂದಿನ ಸಲಕ್ಕೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು, ಅದಕ್ಕೇ ಆ ಹೆಸರು. ಅವರು ಮೊದಲು ಬದಲಿಸಿದ್ದು ಏನನ್ನು ಅಂತ ಗಮನಿಸಿ. ಗಟ್ಟಿ ಡ್ರಮ್ ಬ್ರೇಕು, ಮೋಟರ್‌ಸೈಕಲ್ಲಿನ ಬ್ರೇಕ್ ಲಿವರು, ಬೆಟ್ಟ ಹತ್ತಲಿಕ್ಕೆ ಡಿರೇಲರ್ ಗೇರು. ಜೋ ಬ್ರೀಜ್ ಈ ಕೆಲಸಕ್ಕೆಂದೇ ಹೊಸ ಫ್ರೇಮು ಕಟ್ಟಿದ್ದು ಅದಾದ ಮೇಲೆ, 1977ರಲ್ಲಿ. ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದ ಸ್ಟಂಪ್‌ಜಂಪರ್ ಪೇಟೆಗೆ ಬಂದದ್ದು 1981ರಲ್ಲಿ.

ಅಂದರೆ ಕೈಯಲ್ಲಿರೋ ಹಳೇ ಸಾಮಾನನ್ನು ಬೆಟ್ಟಕ್ಕೆ ಹೊಂದಿಸಿಕೊಳ್ಳುವುದೇ ಈ ಆಟದ ಮೂಲ. ನಮಗಂತೂ ಇದು ಹೊಸದಲ್ಲ. ಊರಿನ ಸೈಕಲ್ ಶಾಪಿನಲ್ಲಿ ಒಂದೇ ಅಟ್ಲಾಸ್ ಸೈಕಲ್ಲಿಗೆ ಮೂರು ತಲೆಮಾರಿನ ಪಾರ್ಟ್ ಕೂರಿಸಿ ಓಡಿಸಿದವರನ್ನು ನಾವು ನೋಡಿಲ್ಲವೇ? ತಗಡಿನ ಬೋಗುಣಿಯ ನೀರಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕುತ್ತಾ, ರಿಮ್ಮಿನ ಬೆಂಡ್ ತೆಗೆಯುತ್ತಾ, ವರ್ಷಕ್ಕೊಮ್ಮೆ 'ಓವರಾಯಿಲಿಂಗ್' ಮಾಡುತ್ತಾ ಅವರು ಒಂದು ಸೈಕಲ್ಲನ್ನು 30 ವರ್ಷ ಬದುಕಿಸುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ಆ ಬುದ್ಧಿಯನ್ನು ಬಿಟ್ಟು ಬಾಕ್ಸ್ ಒಡೆದ ವಾಸನೆಗೆ ಮಾತ್ರ ಬೆಲೆ ಕಟ್ಟುವುದು ನನಗೆ ಸರಿ ಕಾಣಲ್ಲ.

200 ಡಾಲರ್‌ನ ಹೊಸ ಸೈಕಲ್ ಯಾಕೆ ಬೇಡ

ಅಕ್ಕಿ, ಹಾಲು, ಟಿವಿ ಎಲ್ಲ ಒಂದೇ ಸೂರಿನಡಿ ಸಿಗುವ ಅಂಗಡಿಗಳಲ್ಲಿ ನಿಂತಿರುವ 'ಮೌಂಟನ್ ಬೈಕ್' ನೋಡೋಕೆ ಗಡುಸಾಗಿಯೇ ಇರುತ್ತದೆ. ದಪ್ಪ ಟಯರು, ಎರಡೂ ಕಡೆ ಸ್ಪ್ರಿಂಗು, ಢಾಳಾಗಿ ಬಣ್ಣ. ಅಂಥ ಕೆಲವು ಸೈಕಲ್‌ಗಳ ಮೇಲೆ ಅಥವಾ ಜೊತೆಗೆ ಕೊಡುವ ಪುಸ್ತಕದಲ್ಲಿ ಸಣ್ಣ ಅಕ್ಷರದ ಎಚ್ಚರಿಕೆಯೂ ಇರುತ್ತದೆ: ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸಲು, ಎಗರಿಸಲು ಇದು ಅಲ್ಲ ಅಂತ. ಅದನ್ನು ಓದದೆ ಸೌತ್ ಮೌಂಟನ್‌ಗೆ ಹೋದರೆ ತಪ್ಪು ಸೈಕಲ್ಲಿನದಲ್ಲ.

ಇದರ ದೊಡ್ಡ ತೊಂದರೆ ಅಂದರೆ ಮುಂದೆ ಸುಧಾರಿಸೋಕೆ ಜಾಗವೇ ಇರುವುದಿಲ್ಲ. ಅಗ್ಗದ ಹಿಂದಿನ ಚಕ್ರಗಳಲ್ಲಿ ಗೇರಿನ ಹಲ್ಲುಗಾಲಿಗಳನ್ನು ಹಬ್ಬಿನ ಮೇಲೆ ತಿರುಪಿನಂತೆ ಬಿಗಿದಿರುತ್ತಾರೆ, ಇದಕ್ಕೆ ಫ್ರೀವೀಲ್ ಅಂತಾರೆ. ಈ ವ್ಯವಸ್ಥೆಯಲ್ಲಿ ಬಲಗಡೆ ಬೇರಿಂಗು ತುಂಬಾ ಒಳಗೆ ಉಳಿಯುತ್ತದೆ, ಆಕ್ಸಲ್ಲಿನ ತುದಿಗೆ ಆಸರೆ ಇಲ್ಲದೆ ಕಲ್ಲಿನ ಏಟಿಗೆ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಮುಂದಿನ ಫೋರ್ಕಿನಲ್ಲಿ ಬರೀ ಸ್ಪ್ರಿಂಗು, ಅದರ ಎಗರಾಟವನ್ನು ಹದಕ್ಕೆ ತರುವ ಎಣ್ಣೆಯ ಡ್ಯಾಂಪಿಂಗ್ ಇರುವುದಿಲ್ಲ. ಇದಕ್ಕೆ ಒಳ್ಳೆಯ ಬ್ರೇಕು, ಚಕ್ರ, ಫೋರ್ಕು ಅಂತ ಒಂದೊಂದೇ ಹಾಕುತ್ತಾ ಹೋದರೆ ಕೊನೆಗೆ ಉಳಿಯುವುದು ಆ ಭಾರದ ಫ್ರೇಮೊಂದೇ. ಅಗ್ಗಕ್ಕೆ ಸಿಕ್ಕಿತು ಅಂತ ಮುಗ್ಗಲು ಜೋಳ ಕೊಂಡ ಹಾಗೆ.

ಎಲ್ಲಾ ಹೊಸ ಪಾರ್ಟ್ ತಂದು ಜೋಡಿಸೋದೂ ಉಳಿತಾಯವಲ್ಲ

'ನಾನೇ ಕಟ್ಟಿದರೆ ಅಗ್ಗ' ಅನ್ನೋ ನಂಬಿಕೆ ಕಂಪ್ಯೂಟರ್ ಜೋಡಿಸಿದ ಅನುಭವದಿಂದ ಬಂದಿರಬಹುದು. ಸೈಕಲ್ಲಿನಲ್ಲಿ ಅದು ತಿರುಗುಮುರುಗು. ಕಂಪನಿಗಳು ಸಾವಿರಗಟ್ಟಲೆ ಸೆಟ್ಟುಗಳನ್ನು ಒಟ್ಟಿಗೆ ಕೊಳ್ಳುತ್ತವೆ, ನಾವು ಒಂದೊಂದು ಪಾರ್ಟನ್ನು ಬಿಡಿಯಾಗಿ ಕೊಳ್ಳುತ್ತೇವೆ. ಹಾಗಾಗಿ ಪೂರ್ತಿ ಸೈಕಲ್ಲಿನ ಬೆಲೆಗಿಂತ ಅದೇ ಪಾರ್ಟುಗಳ ಬಿಡಿ ಬೆಲೆ ಕೂಡಿಸಿದರೆ ಹೆಚ್ಚೇ ಆಗುತ್ತದೆ. ಜೊತೆಗೆ ಕೇಬಲ್ಲು, ಹೌಸಿಂಗು, ರಿಮ್ ಟೇಪು, ಅಡಾಪ್ಟರು, ಬೋಲ್ಟು ಅಂತ ಪಟ್ಟಿಯಲ್ಲಿ ಬರೆಯದೇ ಹೋದ ಚಿಲ್ಲರೆ ಸಾಮಾನು ಕೊನೆಗೆ ಒಂದು ತಿಂಗಳ ದಿನಸಿಯಷ್ಟು ಆಗುತ್ತದೆ.

ಆದ್ದರಿಂದ ನಾನು 'ಕಟ್ಟೋದು' ಅನ್ನುವಾಗ ಹೇಳುತ್ತಿರುವುದು ಹಳೆಯ ಪೂರ್ತಿ ಸೈಕಲ್ಲೊಂದನ್ನು ತಂದು, ಬಿಚ್ಚಿ, ತೊಳೆದು, ಸವೆದದ್ದನ್ನು ತೆಗೆದು, ಆರಿಸಿದ ಕೆಲವನ್ನಷ್ಟೇ ಹೊಸದಾಗಿ ಹಾಕಿ ಮತ್ತೆ ಜೋಡಿಸುವುದನ್ನು. ಲೆಕ್ಕಕ್ಕೆ 600 ಡಾಲರ್, ಅಂದರೆ 40 ಗಂಟೆಯ ದುಡಿಮೆ ಇಟ್ಟುಕೊಳ್ಳೋಣ. ನಾನಾದರೆ ಅದನ್ನು ಹೀಗೆ ಹಂಚುತ್ತೇನೆ: ಹಳೆಯ ಸೈಕಲ್ಲಿಗೆ 350, ಟಯರು ಮತ್ತು ಸೀಲಂಟಿಗೆ 110, ಬ್ರೇಕಿಗೆ 80, ಹಿಡಿ, ಪೆಡಲು, ಸೀಟಿಗೆ 60. ಹೆಲ್ಮೆಟ್ಟು ಈ ಲೆಕ್ಕದಿಂದ ಹೊರಗೆ, ಅದಕ್ಕೆ ಮೊದಲೇ ದುಡ್ಡು ಎತ್ತಿಡಬೇಕು.

ಫ್ರೇಮು ನೋಡುವಾಗ ಬಣ್ಣ ನೋಡಬೇಡಿ, ಅಳತೆ ನೋಡಿ

ಫ್ರೇಮು ಆರಿಸಿದಿರಿ ಅಂದರೆ ಮುಂದಿನ ಹತ್ತು ಪಾರ್ಟುಗಳ ಅಳತೆಯನ್ನೂ ಆರಿಸಿದ ಹಾಗೆ. ಸಂಬಂಧ ನೋಡುವಾಗ ಮನೆತನ ವಿಚಾರಿಸುವಷ್ಟೇ ಶ್ರದ್ಧೆಯಿಂದ ಇವನ್ನು ವಿಚಾರಿಸಿ.

ಹಿಂದಿನ ಆಕ್ಸಲ್ ಎಷ್ಟು ಅಗಲ? ಹಳೆಯವುಗಳಲ್ಲಿ 135 ಮಿ.ಮೀ., ಆಮೇಲೆ 142, ಈಗ 'ಬೂಸ್ಟ್' ಅನ್ನುವ 148. ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬು ಮೇಲಿಂದ ಕೆಳಗೆ ಒಂದೇ ಸಮ ಇದೆಯೇ, ಅಥವಾ ಕೆಳಗೆ ದಪ್ಪವಾಗಿದೆಯೇ? ಈಗಿನ ಒಳ್ಳೆಯ ಫೋರ್ಕುಗಳು ಹೆಚ್ಚಿನವು ಕೆಳಗೆ ಒಂದೂವರೆ ಇಂಚು, ಮೇಲೆ ಒಂದು ಇಂಚು ಒಂದು ದೋಡೆ ಇರುವ ಥರದವು. ಪೆಡಲು ತಿರುಗುವ ಬೇರಿಂಗಿನ ಜಾಗ, ಅಂದರೆ ಬಾಟಮ್ ಬ್ರಾಕೆಟ್, ಮರೆ ಹಾಕಿ ತಿರುಗಿಸಿ ಕೂರಿಸುವುದೋ, ಒತ್ತಿ ಕೂರಿಸುವುದೋ? ಮರೆ ಇರುವುದನ್ನೇ ಆರಿಸಿ. ಮನೆಯಲ್ಲೇ ಬಿಚ್ಚಬಹುದು, ಕಿರುಗುಟ್ಟುವುದೂ ಕಡಿಮೆ. ಸೀಟಿನ ಕಂಬ 27.2, 30.9, 31.6 ಮಿ.ಮೀ. ಪೈಕಿ ಯಾವುದು? ಕೊನೆಗೆ ಚಕ್ರ. 26 ಇಂಚಿನ ಒಳ್ಳೊಳ್ಳೆ ಸೈಕಲ್‌ಗಳು ಈಗ ತೀರಾ ಅಗ್ಗಕ್ಕೆ ಸಿಗುತ್ತವೆ, ಆದರೆ ಆ ಅಳತೆಯ ಒಳ್ಳೆಯ ಟಯರು, ಫೋರ್ಕು ವರ್ಷ ವರ್ಷ ಕಡಿಮೆಯಾಗುತ್ತಿವೆ. 27.5 ಅಥವಾ 29 ಇಂಚು ಕ್ಷೇಮ.

ಕೊಳ್ಳುವ ಮುಂಚೆ ಟಾರ್ಚ್ ಹಾಕಿ ವೆಲ್ಡಿಂಗ್ ಇರುವ ಕಡೆಯೆಲ್ಲ, ಮುಖ್ಯವಾಗಿ ಹೆಡ್ ಟ್ಯೂಬಿನ ಕೆಳಗೆ ಮತ್ತು ಸೀಟಿನ ಕಂಬ ಇಳಿಯುವ ಕಡೆ, ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಹಳೆಯ ಕಾರ್ಬನ್ ಫ್ರೇಮು ಅಗ್ಗಕ್ಕೆ ಬಂದರೂ ನಾನು ಕೊಳ್ಳಲ್ಲ. ಅದರೊಳಗಿನ ಏಟು ಹೊರಗೆ ಕಾಣದೇ ಇರಬಹುದು. ಇನ್ನೊಂದು ವಿಷಯ: ಫ್ರೇಮನ್ನು ತಲೆಕೆಳಗು ಮಾಡಿ, ಬಾಟಮ್ ಬ್ರಾಕೆಟ್ ಹತ್ತಿರ ಕೊರೆದಿರುವ ಸೀರಿಯಲ್ ನಂಬರನ್ನು 'ಬೈಕ್ ಇಂಡೆಕ್ಸ್' ಅನ್ನುವ ಉಚಿತ ನೋಂದಣಿಯಲ್ಲಿ ಹುಡುಕಿ. ಕಳುವಾದ ಸೈಕಲ್ಲಾದರೆ ಅಲ್ಲಿ ಸಿಗುವ ಸಾಧ್ಯತೆ ಇದೆ. ನಂಬರ್ ಉಜ್ಜಿ ಹಾಕಿದ್ದರೆ, ಮಾರುವವರು ಮುಖ ತಪ್ಪಿಸಿದರೆ, ಎಷ್ಟೇ ಅಗ್ಗವಿದ್ದರೂ ಕೈಮುಗಿದು ವಾಪಸ್ ಬನ್ನಿ. ಅದು ನಮ್ಮಂಥ ಇನ್ನೊಬ್ಬ ವಿದ್ಯಾರ್ಥಿಯ ಸೈಕಲ್ ಇರಬಹುದು, ವೀಸಾದ ಮೇಲಿರುವವರಿಗೆ ಪೊಲೀಸ್ ವಿಚಾರಣೆಯ ಗೊಡವೆಯೂ ಬೇಡ.

ನೆಲ ಮುಟ್ಟುವ ಕಡೆ

ಸೈಕಲ್ಲು ನೆಲವನ್ನು ಮುಟ್ಟುವುದು ಎರಡೇ ಕಡೆ, ಎರಡೂ ಸೇರಿ ಎರಡು ಅಂಗೈಯಷ್ಟು ಜಾಗ. ಹಿಡಿತ, ತಿರುವು, ಬ್ರೇಕು, ಕುಲುಕಾಟ ಎಲ್ಲವೂ ಅಲ್ಲಿಂದಲೇ. ಅದಕ್ಕೇ ಮೊದಲ ಹೊಸ ದುಡ್ಡು ಟಯರಿಗೆ ಹೋಗಬೇಕು. ಸೌತ್ ಮೌಂಟನ್ನಿನ ಸಡಿಲ ಜಲ್ಲಿ ಮತ್ತು ಚೂಪು ಕಲ್ಲಿಗೆ 2.3 ಅಥವಾ 2.4 ಇಂಚು ಅಗಲ, ಪಕ್ಕದ ಗೋಡೆ ಗಟ್ಟಿ ಇರುವ ಟಯರು ನೋಡಿ. ಎರಡಕ್ಕೂ ದುಡ್ಡು ಸಾಲದಿದ್ದರೆ ಒಳ್ಳೆಯದನ್ನು ಮುಂದೆ ಹಾಕಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ.

ಇಲ್ಲಿನ ಮರುಭೂಮಿಯ ಮುಳ್ಳಿನ ಬಗ್ಗೆ ಬೇರೆ ಹೇಳಬೇಕು. ಚೋಯಾ ಕಳ್ಳಿಯ ಉಂಡೆಗಳು ಒಂದು ಕಡೆ. ಇಲ್ಲಿಯವರು 'ಗೋಟ್‌ಹೆಡ್' ಅಂತ ಶಪಿಸುವ ಇನ್ನೊಂದು ಮುಳ್ಳು ಯಾವುದು ಅಂತ ನೋಡಿದರೆ ಅದು ನಮ್ಮ ಬಯಲುಸೀಮೆಯ ನೆಗ್ಗಿಲ ಮುಳ್ಳೇ! ಊರಲ್ಲಿ ಬರಿಗಾಲಲ್ಲಿ ತುಳಿದು ಕುಂಟಿದವರು ಇಲ್ಲಿ ಟಯರಿನಲ್ಲಿ ಅದನ್ನೇ ಕೀಳುತ್ತಾ ಕೂರುತ್ತೇವೆ. ಬರೀ ಟ್ಯೂಬ್ ಹಾಕಿದರೆ ವಾರಕ್ಕೊಂದು ಪಂಕ್ಚರ್ ಗ್ಯಾರಂಟಿ. ಆದ್ದರಿಂದ ಇಲ್ಲಿ ಟ್ಯೂಬ್‌ಲೆಸ್ ಶೋಕಿಯಲ್ಲ, ಉಳಿತಾಯ. ರಿಮ್ಮು ಅದಕ್ಕೆ ಒಗ್ಗುವಂಥದ್ದಾಗಿರಬೇಕು, ಒಳಗೆ ಟೇಪು, ವಾಲ್ವು, ತೂತು ಮುಚ್ಚುವ ಸೀಲಂಟ್ ದ್ರವ ಇರಬೇಕು. ನಮ್ಮ ಸೆಕೆಗೆ ಆ ದ್ರವ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಅಲುಗಾಡಿಸಿ ನೋಡಿ ತುಂಬಬೇಕು. ರಿಮ್ಮು ಒಗ್ಗದಿದ್ದರೆ ಟ್ಯೂಬಿನೊಳಗೇ ಸೀಲಂಟ್ ಹಾಕಿದರೂ ಅರ್ಧ ಕಷ್ಟ ಕಡಿಮೆ.

ನಿಲ್ಲಿಸುವ ಕಡೆ

ಸೌತ್ ಮೌಂಟನ್ನಿನ ನ್ಯಾಷನಲ್ ಟ್ರೇಲಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಬಂಡೆಗಳ ಮೇಲೆ ಇಳಿಯುವಾಗ ನಿಮ್ಮ ಜೀವ ಇರುವುದು ಎರಡು ತೋರುಬೆರಳಿನಲ್ಲಿ. ಎರಡು ಪಿಸ್ಟನ್ನಿನ ಸಾಧಾರಣ ಹೈಡ್ರಾಲಿಕ್ ಡಿಸ್ಕ್ ಬ್ರೇಕು, ಶಿಮಾನೋದ ಎಂಟಿ200 ಥರದ್ದು, ವಿದ್ಯಾರ್ಥಿಗೆ ಧಾರಾಳ ಸಾಕು. ಅದಕ್ಕಿಂತ ಮೂರು ಪಟ್ಟು ದುಬಾರಿಯದು ಮೂರು ಪಟ್ಟು ಬೇಗ ನಿಲ್ಲಿಸುವುದಿಲ್ಲ. ಫೋರ್ಕಿಗೆ ಅನುಮತಿ ಇದ್ದರೆ ಮುಂದಿನ ಡಿಸ್ಕನ್ನು 160ರ ಬದಲು 180 ಮಿ.ಮೀ. ಮಾಡಿಕೊಳ್ಳಿ. ಕಡಿಮೆ ಖರ್ಚಿನಲ್ಲಿ ಬ್ರೇಕಿನ ಬಲ ಹೆಚ್ಚಿಸುವ ದಾರಿ ಅದು.

ಇಲ್ಲಿ ಎರಡು ಎಚ್ಚರಿಕೆ. ಶಿಮಾನೋ, ಟೆಕ್ಟ್ರೋ ಬ್ರೇಕುಗಳಿಗೆ ಮಿನರಲ್ ಆಯಿಲ್, ಸ್ರ್ಯಾಮ್‌ನ ಹಳೆಯ ಬ್ರೇಕುಗಳಿಗೆ ಡಾಟ್ ದ್ರವ. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಒಳಗಿನ ರಬ್ಬರ್ ಸೀಲು ಕೆಟ್ಟು ಬ್ರೇಕೇ ಹೋಗುತ್ತದೆ. ಎರಡನೆಯದು, ಚೈನಿಗೆ ಸ್ಪ್ರೇ ಎಣ್ಣೆ ಹೊಡೆಯುವಾಗ ಡಿಸ್ಕಿಗೆ ತಾಗಿಸಬೇಡಿ. ಎಣ್ಣೆ ಕುಡಿದ ಪ್ಯಾಡು ಕಿರುಚುತ್ತದೆ, ಹಿಡಿಯುವುದಿಲ್ಲ.

ಮೈ ಮುಟ್ಟುವ ಕಡೆ

ಅಳತೆ ಸರಿಯಿಲ್ಲದ ಸೈಕಲ್ ಎಷ್ಟು ಒಳ್ಳೆಯದಾದರೂ ಬೇಡ. ನಿಮಗಿಂತ ಒಂದಡಿ ಉದ್ದದ ಸೀನಿಯರ್ ಬಿಟ್ಟು ಹೋಗುವ ಸೈಕಲ್ ಪುಕ್ಕಟೆ ಬಂದರೂ ಅದು ನಿಮ್ಮ ಸೊಂಟಕ್ಕೆ ಬಿಲ್ ಕಳಿಸುತ್ತದೆ. ಹ್ಯಾಂಡಲ್ ಹಿಡಿ, ಚಪ್ಪಟೆ ಪೆಡಲು, ಸೀಟು ಇವು ನಿಮ್ಮ ಮೈಗೆ ಹೊಂದುವಂತಿರಲಿ. ಹೆಲ್ಮೆಟ್ಟು ಮಾತ್ರ ಎಂದೂ ಸೆಕೆಂಡ್ ಹ್ಯಾಂಡ್ ಬೇಡ, ಅದು ಎಂಥ ಏಟು ತಿಂದಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ. ಒಳ್ಳೆಯ ಸುದ್ದಿ ಏನೆಂದರೆ 1999ರಿಂದ ಅಮೆರಿಕದಲ್ಲಿ ಮಾರಾಟಕ್ಕೆ ತಯಾರಾಗುವ ಎಲ್ಲ ಸೈಕಲ್ ಹೆಲ್ಮೆಟ್ಟುಗಳೂ ಒಂದೇ ಸರ್ಕಾರಿ ಸುರಕ್ಷತಾ ಪರೀಕ್ಷೆಗೆ ಒಳಪಟ್ಟಿವೆ. ಅಗ್ಗದ್ದೂ ಆ ಪರೀಕ್ಷೆಯಲ್ಲಿ ಪಾಸಾಗಬೇಕು. ತಲೆಗೆ ಸರಿಯಾಗಿ ಕೂರುವುದನ್ನು ಹೊಸದಾಗಿ ಕೊಳ್ಳಿ, ಅಷ್ಟೇ.

ಗೇರಿನ ಮೋಹ

ಎಲ್ಲರೂ ಮೊದಲು ದುಡ್ಡು ಸುರಿಯುವುದು ಗೇರಿಗೆ. ನಾನು ಕೊನೆಗೆ ಇಡುವುದೂ ಅದನ್ನೇ. ಕಾರಣ ಸಣ್ಣ ಲೆಕ್ಕದಲ್ಲಿದೆ. ಮುಂದೆ 32 ಹಲ್ಲು, ಹಿಂದೆ 51 ಹಲ್ಲು ಇರುವ 12 ಗೇರಿನ ಹೊಸ ಸೆಟ್ಟಿನಲ್ಲಿ ಅತಿ ಹಗುರ ಗೇರಿಗೆ ಪೆಡಲು ಒಂದು ಸುತ್ತು ತಿರುಗಿದರೆ ಚಕ್ರ 0.63 ಸುತ್ತು ತಿರುಗುತ್ತದೆ. ಮುಂದೆ 30, ಹಿಂದೆ 46 ಇರುವ 10 ಗೇರಿನ ಅಗ್ಗದ ಸೆಟ್ಟಿನಲ್ಲಿ 0.65. ಈಗ ಯಾರೂ ಮೂಸದ ಹಳೆಯ 27 ಗೇರಿನ ಸೈಕಲ್ಲು, ಮುಂದೆ ಮೂರು ಹಲ್ಲುಗಾಲಿಯಲ್ಲಿ ಚಿಕ್ಕದು 22, ಹಿಂದೆ ದೊಡ್ಡದು 34. ಭಾಗಿಸಿ ನೋಡಿ, ಅದೂ 0.65! ಏರು ಹತ್ತುವಾಗ ನಿಮ್ಮ ತೊಡೆಗೆ ಈ ಮೂರರ ನಡುವೆ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಮುಂದೆ ಒಂದೇ ಹಲ್ಲುಗಾಲಿ ಇರುವ ಹೊಸ ವ್ಯವಸ್ಥೆಗೆ ಬೇರೆ ಅನುಕೂಲ ಇದೆ, ಇಲ್ಲ ಅನ್ನಲ್ಲ. ಚೈನು ಕಳಚುವುದು ಕಡಿಮೆ, ಎಡಗೈಗೆ ಕೆಲಸ ಕಡಿಮೆ. ಹಳೆಯದು ಪೂರ್ತಿ ಸವೆದ ಮೇಲೆ ಆ ಕಡೆ ಹೋಗಿ. ಹೋಗುವಾಗಲೂ ಹಬ್ಬನ್ನು ನೋಡಿ. ಹಿಂದಿನ ಗೇರು 10 ಹಲ್ಲಿನಿಂದ ಶುರುವಾಗುವ ಶಿಮಾನೋ 12 ಗೇರಿಗೆ ಬೇರೆಯೇ ನಮೂನೆಯ ಫ್ರೀಹಬ್ ಬೇಕು, ಅಂದರೆ ಬಹಳ ಸಲ ಚಕ್ರವೇ ಹೊಸದು. 11 ಹಲ್ಲಿನಿಂದ ಶುರುವಾಗುವ ಶಿಮಾನೋ ಡಿಯೋರ್ 10, ಮೈಕ್ರೋಶಿಫ್ಟ್ ಅಡ್ವೆಂಟ್ 9 ಇಂಥವು ಹಳೆಯ ಹಬ್ಬಿಗೇ ಕೂರುತ್ತವೆ. ಚೈನಿನ ಸವೆತ ನೋಡುವ ಅಳತೆಪಟ್ಟಿ ಇಟ್ಟುಕೊಂಡು ಚೈನನ್ನು ಸಕಾಲಕ್ಕೆ ಬದಲಿಸಿದರೆ ಹಲ್ಲುಗಾಲಿಗಳು ಉಳಿಯುತ್ತವೆ. ಸವೆದ ಚೈನು ಅವನ್ನೂ ತಿಂದು ಹಾಕುತ್ತದೆ.

ಫೋರ್ಕಿನ ಬಗ್ಗೆಯೂ ಒಂದು ಮಾತು. ಸೈಕಲ್ ಜೊತೆ ಬಂದದ್ದು ಗಾಳಿ ತುಂಬುವ ಥರದ್ದಾದರೆ ನಿಮ್ಮ ತೂಕಕ್ಕೆ ಹೊಂದಿಸಬಹುದು, ಅದು ಪುಣ್ಯ. ಬಿಡಿಯಾಗಿ ಹಳೆಯ ಫೋರ್ಕು ಕೊಳ್ಳುವುದು ಎಲ್ಲಕ್ಕಿಂತ ಅಪಾಯದ ವ್ಯಾಪಾರ. ನುಣುಪಾದ ಕೊಳವೆಯ ಮೇಲೆ ಉಗುರಿಗೆ ಸಿಗುವ ಗೀರು ಇದ್ದರೆ ಬಿಟ್ಟುಬಿಡಿ. ಹ್ಯಾಂಡಲ್ ಕಡೆ ಹೋಗುವ ಮೇಲಿನ ಕೊಳವೆಯನ್ನು ಹಿಂದಿನವರು ತಮ್ಮ ಫ್ರೇಮಿಗೆ ಕತ್ತರಿಸಿರುತ್ತಾರೆ, ನಿಮ್ಮದಕ್ಕೆ ಉದ್ದ ಸಾಲುತ್ತದೆಯೇ ಅಳೆದು ನೋಡಿ. ಕತ್ತರಿಸಿದ್ದನ್ನು ಉದ್ದ ಮಾಡೋಕೆ ಆಗಲ್ಲ.

ಇನ್ನು ತೂಕ. ಈ ಕ್ಷೇತ್ರದ ಹಳೆಯ ಕೈ ಕೀತ್ ಬಾಂಟ್ರೇಗರ್ ಅವರದೆಂದು ಹೇಳುವ ಒಂದು ಮಾತಿದೆ: ಗಟ್ಟಿ, ಹಗುರ, ಅಗ್ಗ, ಇವುಗಳಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಿ ಅಂತ. ನಮ್ಮ ಆಯ್ಕೆ ಗಟ್ಟಿ ಮತ್ತು ಅಗ್ಗ. ಈ ಊರಿನ ಬಿಸಿಲಿಗೆ ಹೆದರಿ ನೀವು ಹೇಗೂ ಮೂರು ಲೀಟರ್ ನೀರು ಬೆನ್ನಿಗೆ ಹೊರಬೇಕು, ಅದೇ ಮೂರು ಕಿಲೋ. ಅಂಥಾದ್ದರಲ್ಲಿ 300 ಗ್ರಾಂ ಇಳಿಸಲು 300 ಡಾಲರ್ ಕೊಡುವುದು ಯಾವ ಸೀಮೆಯ ಲೆಕ್ಕ?

ಟೈಮ್ ಎಲ್ಲಿದೆ ಅನ್ನುವವರಿಗೆ

ಇದಕ್ಕೆಲ್ಲ ಎದುರಾಗುವ ಗಟ್ಟಿ ಆಕ್ಷೇಪ ಒಂದಿದೆ. ಗಂಟೆಗೆ ಬೆಲೆ ಕಟ್ಟುವ ನೀವೇ ಹಳೆ ಸೈಕಲ್ ಹುಡುಕುವ, ಬಿಚ್ಚುವ, ಜೋಡಿಸುವ ಗಂಟೆಗಳನ್ನು ಯಾಕೆ ಲೆಕ್ಕ ಹಾಕಲ್ಲ ಅಂತ. ನ್ಯಾಯವಾದ ಪ್ರಶ್ನೆ. ನಾಳೆ ಬೆಳಗ್ಗೆಯೇ ಓಡಿಸಬೇಕು, ಗ್ರೀಸ್ ಮುಟ್ಟಲಾರೆ ಅನ್ನುವವರು ಸರಿಯಾಗಿರುವ ಹಳೆಯ ಹಾರ್ಡ್‌ಟೇಲ್ ಕೊಂಡು, ಟಯರು ಬದಲಿಸಿ ಹೊರಡಲಿ. ಅದೂ ನನ್ನ ವಾದದ ಒಳಗೇ ಇದೆ.

ಆದರೆ ಜೋಡಿಸುವ ಗಂಟೆಗಳು ಬರೀ ಖರ್ಚಲ್ಲ. ಟ್ರೇಲಿನಲ್ಲಿ ಐದು ಮೈಲಿ ಒಳಗೆ ಚೈನು ತುಂಡಾದಾಗ, ಡಿರೇಲರ್ ಹ್ಯಾಂಗರ್ ಬಾಗಿದಾಗ, ಮೇ ತಿಂಗಳ ಬಿಸಿಲಲ್ಲಿ ನೀರು ಮುಗಿಯುತ್ತಿರುವಾಗ, ಸೈಕಲ್ಲನ್ನು ಒಮ್ಮೆ ಪೂರ್ತಿ ಬಿಚ್ಚಿ ಕೂರಿಸಿದ ಕೈಗೂ ಬಾಕ್ಸಿನಿಂದ ತೆಗೆದು ಹತ್ತಿದ ಕೈಗೂ ವ್ಯತ್ಯಾಸ ಇರುತ್ತದೆ. ಒಬ್ಬರು ಹತ್ತು ನಿಮಿಷದಲ್ಲಿ ಹೊರಡುತ್ತಾರೆ, ಇನ್ನೊಬ್ಬರು ನಡೆದುಕೊಂಡು ಬರುತ್ತಾರೆ. ಹೆಡ್‌ಸೆಟ್ ಒತ್ತಿ ಕೂರಿಸುವಂಥ ಒಂದೆರಡು ಕೆಲಸ ಅಂಗಡಿಯವರಿಗೆ ಅಥವಾ ಸೈಕಲ್ ಕೋ-ಆಪ್‌ಗೆ ಬಿಡಿ. ಮಿಕ್ಕಿದ್ದು ಅಲೆನ್ ಕೀ, ತಾಳ್ಮೆ ಎರಡಿದ್ದರೆ ಆಗುತ್ತದೆ. ಎಡಗಡೆ ಪೆಡಲಿನ ಮರೆ ಉಲ್ಟಾ ಅನ್ನೋದೊಂದು ನೆನಪಿರಲಿ.

ಕೊನೆಗೆ ಸಂಘದ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಕ್ಯಾಸೆಟ್ ಬಿಚ್ಚುವ ಪಾನಾ, ಚೈನ್ ಕತ್ತರಿಸುವ ಸಾಧನ, ಚೈನಿನ ಸವೆತದ ಅಳತೆಪಟ್ಟಿ, ಬಾಟಮ್ ಬ್ರಾಕೆಟ್ ಪಾನಾ, ಟಾರ್ಕ್ ರೆಂಚು, ಬ್ರೇಕಿಗೆ ಎಣ್ಣೆ ತುಂಬುವ ಕಿಟ್ಟು, ಒಳ್ಳೆಯ ನಿಂತು ಹೊಡೆಯುವ ಪಂಪು. ಇವುಗಳನ್ನು ಒಬ್ಬೊಬ್ಬರೂ ವರ್ಷಕ್ಕೆ ಎರಡು ಸಲ ಬಳಸುತ್ತೇವೆ, ಒಬ್ಬೊಬ್ಬರೂ ಬೇರೆ ಬೇರೆ ಕೊಳ್ಳುತ್ತೇವೆ, ಇಲ್ಲವೇ ಇಲ್ಲದೆ ಇಕ್ಕಳದಲ್ಲಿ ಬೋಲ್ಟಿನ ತಲೆ ಸವೆಸುತ್ತೇವೆ. ರಾಜ್ಯೋತ್ಸವದ ಊಟದ ಲೆಕ್ಕದಲ್ಲಿ ಒಂದು ಹೋಳಿಗೆಯ ಸುತ್ತು ಕಡಿಮೆ ಮಾಡಿದರೂ ಸಾಕು, ಸಂಘಕ್ಕೆ ಒಂದು ಪೆಟ್ಟಿಗೆ ಬರುತ್ತದೆ. ಪಕ್ಕದಲ್ಲಿ ಇನ್ನೊಂದು ಡಬ್ಬ ಇಡೋಣ. ಮೇ ತಿಂಗಳಲ್ಲಿ ಪದವಿ ಮುಗಿಸಿ ಹೊರಡುವವರು ಹಳೆಯ ಟಯರು, ಪೆಡಲು, ಅರ್ಧ ಬಾಟಲಿ ಸೀಲಂಟು, ಕೆಲಸ ಮಾಡುವ ಬ್ರೇಕು ಏನಿದ್ದರೂ ಅದರಲ್ಲಿ ಹಾಕಿ ಹೋಗಲಿ, ಮೇಲೆ ಅಳತೆ ಬರೆದ ಚೀಟಿ ಅಂಟಿಸಲಿ.

ಈ ವರ್ಷದ ಸಾಮಾನ್ಯ ಸಭೆಯಲ್ಲಿ ಇದನ್ನು ಯಾರಾದರೂ ಎತ್ತಿದರೆ ಅನುಮೋದಿಸಲು ನಾನು ಸಿದ್ಧ. ಪೆಟ್ಟಿಗೆ ಇಡಲು ಜಾಗ ಇಲ್ಲ ಅನ್ನುವುದಾದರೆ ನನ್ನ ಅಪಾರ್ಟ್‌ಮೆಂಟಿನ ಬಾಲ್ಕನಿ ಖಾಲಿ ಇದೆ.